ಅಪ್ಪಯ್ಯನಿಗೆ ಹೇಳ್ಬೇಡಿ!

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ನಾಲ್ವರೂ ದಿನವಿಡೀ ನಗುತ್ತಲೇ ಇರುತ್ತೇವೆ. ಆದರೆ ಒಟ್ಟಿಗೆ ಅಲ್ಲ. ಒಬ್ಬೊಬ್ಬನ ಕಿವಿಯಲ್ಲೂ ಇಯರ್‌ಫೋನ್, ಕೈಯಲ್ಲಿ ಮೊಬೈಲು. ಮೂಲೆಯ ಮಂಚದಲ್ಲಿ ಒಬ್ಬ ಕಿಸಕ್ಕನೆ ನಕ್ಕರೆ ಉಳಿದವರು 'ಎಂತದಾ ಅದು?' ಎಂದು ಕೇಳುವುದಿಲ್ಲ, 'ಕಳಿಸು' ಅನ್ನುತ್ತೇವೆ. ಕಳಿಸಿದ್ದನ್ನು ಮೂವತ್ತು ಸೆಕೆಂಡು ನೋಡಿ, ನಗುವ ಎಮೋಜಿ ಒತ್ತಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತೇವೆ. ರಾತ್ರಿ ಮಲಗುವಾಗ ಇವತ್ತು ಯಾವುದಕ್ಕೆ ನಕ್ಕೆವು ಎಂದು ಕೇಳಿದರೆ ಒಬ್ಬನಿಗೂ ನೆನಪಿರುವುದಿಲ್ಲ.

ಹಳೆಯ ಕನ್ನಡ ಹಾಸ್ಯ ಚಿತ್ರಗಳು ನನಗೆ ಪರಿಚಯವಾದದ್ದೂ ಹೀಗೆ ತುಂಡು ತುಂಡಾಗಿಯೇ. ಅನಂತ್ ನಾಗ್ ಅವರ ಒಂದು ಮುಖಭಾವ, ಜಗ್ಗೇಶ್ ಅವರ ಒಂದು ಡೈಲಾಗು, 'ಸಿಲ್ಲಿ ಲಲ್ಲಿ'ಯ ಒಂದು ದೃಶ್ಯ. ಇಷ್ಟರಲ್ಲೇ ಎಲ್ಲವನ್ನೂ ನೋಡಿದ್ದೇನೆ ಅಂದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ರಜೆಗೆಂದು ಊರಿಗೆ ಹೋದಾಗ ಮೊದಲ ಸಲ ಒಂದು ಚಿತ್ರವನ್ನು ಪೂರ್ತಿ ನೋಡಿದೆ. ಅದನ್ನು ನೋಡಿದ್ದರಿಂದ ನನಗೊಂದು ದೊಡ್ಡ ಫಜೀತಿಯಾಯಿತು. ಆ ಫಜೀತಿ ಆಗಿದ್ದು ಒಳ್ಳೆಯದೇ ಆಯಿತು. ನೀವೂ ಯಾಕೆ ಈ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು ಎಂದು ಹೇಳಲು ಹೊರಟಿದ್ದೇನೆ. ಅದಕ್ಕೆ ಮೊದಲು ಆ ಕಥೆಯನ್ನು ಹೇಳಲೇಬೇಕು.

ನಮ್ಮೂರು ನಿಟ್ಟೂರು. ಹೊಸನಗರ ತಾಲ್ಲೂಕು. ಕೊಡಚಾದ್ರಿಗೆ ಹೋಗುವವರು ಜೀಪು ಹತ್ತುವ ಊರು ಅಂದರೆ ಬೆಂಗಳೂರಿನ ಗೆಳೆಯರಿಗೆ ಬೇಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಮಳೆ ಬರುವುದಿಲ್ಲ, ಇಲ್ಲಿಯೇ ವಾಸ ಮಾಡುತ್ತದೆ. ಕರೆಂಟು ಹೋದರೆ ಎರಡು ದಿನ, ಮರ ಬಿದ್ದರೆ ಮೂರು ದಿನ. ಡಿಶ್ ಟಿವಿಗೆ ಸಿಗ್ನಲ್ ಇಲ್ಲ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ರೀಲ್ಸ್ ಎಲ್ಲಿಂದ ಬರಬೇಕು?

ಆ ಸಲ ನಾನು ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಬಟ್ಟೆಯ ಜೊತೆ ಒಂದು ಸುಳ್ಳನ್ನೂ ತುಂಬಿಕೊಂಡು ಹೋಗಿದ್ದೆ. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾಗಿದ್ದೆ. ಬ್ಯಾಕ್‌ಲಾಗ್ ಉಳಿದಿತ್ತು. ಮನೆಯಲ್ಲಿ 'ಎಲ್ಲಾ ಪಾಸ್' ಎಂದಿದ್ದೆ. ಎರಡು ಪದದ ಸಣ್ಣ ಸುಳ್ಳು. ಬ್ಯಾಕ್‌ಲಾಗ್ ಇದ್ದವರನ್ನು ಎಷ್ಟೋ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೇ ಕರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ಮುಂದಿನ ಸಲ ಬರೆದು ಪಾಸು ಮಾಡಿಕೊಂಡರೆ ಯಾರಿಗೂ ಗೊತ್ತೇ ಆಗುವುದಿಲ್ಲ ಎಂಬುದು ನನ್ನ ಲೆಕ್ಕ. ಗಣಿತದಲ್ಲಿ ಫೇಲಾದವನ ಲೆಕ್ಕ ಹೇಗಿರಬೇಕೋ ಹಾಗೇ ಇತ್ತು.

ಸುಳ್ಳು ಸುಮ್ಮನೆ ಕೂರಲಿಲ್ಲ. ಅಪ್ಪಯ್ಯ ಮಾರ್ಕ್ಸ್ ಕಾರ್ಡ್ ಕೇಳಿದರು, 'ಇನ್ನೂ ಬಂದಿಲ್ಲ' ಎಂದೆ. ಚಿಕ್ಕಪ್ಪ ಪಾಯಿಂಟು ಎಷ್ಟು ಬಂತು ಎಂದು ಕೇಳಿದರು, ಬಾಯಿಗೆ ಬಂದ ಹಾಗೆ ಏಳೂ ಮುಕ್ಕಾಲು ಎಂದೆ. ಅಮ್ಮ ಅದನ್ನು ಎಂಟು ಮಾಡಿ ಪಕ್ಕದ ಮನೆಯವರಿಗೆ ಹೇಳಿದಳು. ಪಕ್ಕದ ಮನೆಯವರು ಮಾರನೇ ದಿನವೇ ಕೊಡೆ ಹಿಡಿದುಕೊಂಡು ಬಂದು, ಪಿಯುಸಿ ಓದುವ ತಮ್ಮ ಮಗಳಿಗೆ ರಜೆ ಮುಗಿಯುವವರೆಗೆ ಗಣಿತ ಹೇಳಿಕೊಡಬೇಕು ಎಂದು ಕೇಳಿಕೊಂಡರು. ಅಪ್ಪಯ್ಯ ನನ್ನ ಪರವಾಗಿ ಒಪ್ಪಿಕೊಂಡೂ ಆಯಿತು.

ಅದೇ ವಾರ ತೋಟಕ್ಕೆ ಕೊಳೆರೋಗ ಬಂದಿತ್ತು. ಮಳೆ ಬಿಡುವು ಕೊಟ್ಟಿದ್ದರೆ ಎರಡನೇ ಸಲ ಬೋರ್ಡೋ ಹೊಡೆಸಬಹುದಿತ್ತು. ಮಳೆ ಬಿಡಲಿಲ್ಲ, ಕೊನೆಗೌಡ ಮರ ಹತ್ತುವ ಹಾಗಿರಲಿಲ್ಲ. ಬೆಳಿಗ್ಗೆ ತೋಟಕ್ಕೆ ಹೋದರೆ ಬುಡದ ತುಂಬ ಉದುರಿದ ಹಸಿರು ಅಡಿಕೆ. ಅಪ್ಪಯ್ಯ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದರು. ಅಂಥ ಹೊತ್ತಿನಲ್ಲಿ ಹೋಗಿ 'ನಾನೂ ಉದುರಿದ್ದೇನೆ' ಎಂದು ಹೇಳುವುದು ಹೇಗೆ?

ಮೂರನೇ ದಿನ ಸಂಜೆ ಕರೆಂಟು ಬಂತು, ಡಿಶ್ ಬರಲಿಲ್ಲ. ಅಜ್ಜಿ 'ನಿನ್ನ ಆ ಪೆಟ್ಟಿಗೇಲಿ ಎಂತಾದ್ರೂ ಹಾಕಾ' ಎಂದರು. ಲ್ಯಾಪ್‌ಟಾಪಿನಲ್ಲಿ 'ಗಣೇಶನ ಮದುವೆ' ಇತ್ತು. ಹಾಸ್ಟೆಲಿನಲ್ಲಿ ಯಾವಾಗಲೋ ಇಳಿಸಿಕೊಂಡು, ನೋಡದೇ ಬಿಟ್ಟಿದ್ದೆ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಎಲ್ಲರೂ ಕುಳಿತರು.

ಈ ಚಿತ್ರ ಬಂದದ್ದು 1990ರಲ್ಲಿ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ನಿರ್ದೇಶನ ಫಣಿ ರಾಮಚಂದ್ರ. ಒಂದು ವಠಾರ. ಅದರ ಮಾಲೀಕ 'ಮುಖ್ಯಮಂತ್ರಿ' ಚಂದ್ರು. ಬಾಡಿಗೆಗಿರುವ ವೈ.ಜಿ. ರಾವ್ ಆಗಿ ಅನಂತ್ ನಾಗ್. ಮಾಲೀಕನ ಮಗಳು ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್. ರಾಯರಿಗೂ ಆದಿಲಕ್ಷ್ಮಿಗೂ ಎದುರು ಸಿಕ್ಕರೆ ಜಗಳ. ಅದೇ ರಾಯರು ಕಾಣದ ಗಾಯಕಿ ಶ್ರುತಿಗೆ ಪತ್ರ ಬರೆದು ಬರೆದು ಪ್ರೀತಿಯಲ್ಲಿ ಬಿದ್ದಿರುತ್ತಾರೆ. ಆ ಶ್ರುತಿ ಈ ಆದಿಲಕ್ಷ್ಮಿಯೇ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಡೀ ಚಿತ್ರದ ನಗು ಇರುವುದು ಈ ಗುಟ್ಟಿನಲ್ಲಿ.

ಅಪ್ಪಯ್ಯನಿಗೆ ಮುಂದಿನ ಮಾತು ಮೊದಲೇ ಗೊತ್ತು. ನಟರು ಬಾಯಿ ತೆರೆಯುವ ಮೊದಲೇ ಇವರು ನಗಲು ಶುರು. ಅಜ್ಜಿ ನಕ್ಕೂ ನಕ್ಕೂ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಹದಿನೈದು ದಿನದಲ್ಲಿ ಅಪ್ಪಯ್ಯ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ನಡುವೆ ಅಮ್ಮ, 'ಇವಳೇ ಅವಳು ಅಂತ ಯಾರಾದ್ರೂ ಒಂದು ಮಾತು ಹೇಳಿಬಿಟ್ರೆ ಮುಗೀತಲ್ಲ, ಎಂತಕ್ಕೆ ಇಷ್ಟು ಎಳೀತಾರೆ?' ಎಂದಳು. ಅಪ್ಪಯ್ಯ ತಟ್ಟನೆ, 'ಹೇಳಿಬಿಟ್ರೆ ಸಿನಿಮಾ ಎಲ್ಲಿರ್ತದೆ ಮಾರಾಯ್ತಿ?' ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಗಂಟಲಲ್ಲೇ ಸಿಕ್ಕಿಕೊಂಡಿತು.

ಅವತ್ತಿನಿಂದ ರಜೆ ಮುಗಿಯುವವರೆಗೆ ಕರೆಂಟು ಇದ್ದಾಗೆಲ್ಲ ಒಂದೊಂದು ಚಿತ್ರ ನೋಡಿದೆವು. ಚಿಕ್ಕಪ್ಪನ ಹತ್ತಿರ ಹಳೆಯ ಡಿವಿಡಿಗಳ ಒಂದು ಡಬ್ಬವೇ ಇತ್ತು. ನೋಡುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ಒಳ್ಳೆಯ ಹಾಸ್ಯ ಚಿತ್ರಗಳಲ್ಲಿ ಬಹುಪಾಲು ನಿಂತಿರುವುದು ಒಂದು ಸುಳ್ಳಿನ ಮೇಲೆ ಅಥವಾ ಒಂದು ಗುಟ್ಟಿನ ಮೇಲೆ. ಶೀರ್ಷಿಕೆಗಳನ್ನೇ ನೋಡಿ: 1989ರಲ್ಲಿ ದಿನೇಶ್ ಬಾಬು ಅವರ 'ಹೆಂಡ್ತಿಗೇಳ್ಬೇಡಿ', 1994ರಲ್ಲಿ ಕೋಡ್ಲು ರಾಮಕೃಷ್ಣ ಅವರ 'ಯಾರಿಗೂ ಹೇಳ್ಬೇಡಿ'. ಎರಡರಲ್ಲೂ ಅನಂತ್ ನಾಗ್. 1991ರ 'ಗೌರಿ ಗಣೇಶ'ದಲ್ಲಿ ಅವರೇ ಲಂಬೋದರ. ತೀರಿಹೋದ ಗೌರಿ ಎಂಬಾಕೆಯ ಡೈರಿ ಕೈಗೆ ಸಿಕ್ಕಿದ್ದೇ ತಡ, ಮೂವರು ದೊಡ್ಡ ಮನುಷ್ಯರನ್ನು ಒಬ್ಬೊಬ್ಬರಾಗಿ ಹಿಡಿದು 'ಆಕೆಯ ಮಗುವಿಗೆ ನೀವೇ ತಂದೆ' ಎಂದು ನಂಬಿಸಿ ಹಣ ಕೀಳುತ್ತಾನೆ. ಇಲ್ಲದ ಮಗುವಿನ ಹೆಸರಿನಲ್ಲಿ ಬದುಕುವವನ ಎದುರು ಒಂದು ದಿನ ನಿಜವಾಗಿಯೂ ಒಬ್ಬ ಪುಟ್ಟ ಹುಡುಗ ಬಂದು ನಿಲ್ಲುತ್ತಾನೆ. ಸುಳ್ಳಿಗೆ ಕೈಕಾಲು ಬರುವುದು ಅಂದರೆ ಇದೇ.

'ಉದ್ಭವ' ಚಿತ್ರದಲ್ಲಿ ಸುಳ್ಳು ಮನೆಯಿಂದ ಬೀದಿಗೆ ಬರುತ್ತದೆ. ಬಿ.ವಿ. ವೈಕುಂಠರಾಜು ಅವರ ಕಾದಂಬರಿ ಆಧರಿಸಿ ಕೋಡ್ಲು ರಾಮಕೃಷ್ಣ 1990ರಲ್ಲಿ ಮಾಡಿದ ಚಿತ್ರ. ರಸ್ತೆ ಅಗಲ ಮಾಡುವ ಗಲಾಟೆಯ ನಡುವೆ ಗಣಪತಿ 'ಉದ್ಭವ'ವಾಗುತ್ತಾನೆ. ಹುಟ್ಟಿಸಿದವನಿಗೆ ಅದು ಸುಳ್ಳೆಂದು ಗೊತ್ತು. ಆದರೆ ಜನ ಕೈಮುಗಿಯಲು ಶುರು ಮಾಡಿದ ಮೇಲೆ ಅದು ಅವನ ಕೈ ಮೀರುತ್ತದೆ. ಮೂವತ್ತೈದು ವರ್ಷದ ಹಿಂದಿನ ಈ ಚಿತ್ರವನ್ನು ಇವತ್ತಿನ ಪೇಪರಿನ ಪಕ್ಕದಲ್ಲಿಟ್ಟು ನೋಡಿ, ಒಂದು ಸಾಲೂ ಹಳತಾಗಿಲ್ಲ.

ಹಳೆಯವರದ್ದೇ ದೊಡ್ಡದು ಎಂದು ನಾನು ಹೇಳುತ್ತಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಥಿಯೇಟರುಗಳಿಗೆ ಬಂದ ರಾಮ್ ರೆಡ್ಡಿ ಅವರ 'ತಿಥಿ' ನೋಡಿ. ಮಂಡ್ಯ ಸೀಮೆಯ ಹಳ್ಳಿ, ನಟರಲ್ಲದ ನಟರು. ನೂರೊಂದು ವರ್ಷದ ಅಜ್ಜ ಸತ್ತಾಗ, ಜಮೀನು ಮಾರುವ ಆಸೆಗೆ ಮೊಮ್ಮಗ ತಮ್ಮಣ್ಣ ಬದುಕಿರುವ ತನ್ನ ಅಪ್ಪ ಗಡ್ಡಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಸತ್ತವನೆಂದು ಕಾಗದ ಹೇಳುವ ಗಡ್ಡಪ್ಪ ಮಾತ್ರ ಊರ ತುಂಬ ಆರಾಮಾಗಿ ನಡೆದುಕೊಂಡೇ ಇರುತ್ತಾನೆ. 2025ರಲ್ಲಿ ಬಂದ ಜೆ.ಪಿ. ತೂಮಿನಾಡು ಅವರ 'ಸು ಫ್ರಮ್ ಸೋ' ಕೂಡ ಇದೇ ದಾರಿಯದು. ಮಾನ ಉಳಿಸಿಕೊಳ್ಳಲು ಒಬ್ಬ ಹುಡುಗ ಮೈಮೇಲೆ ದೆವ್ವ ಬಂದ ಹಾಗೆ ನಟಿಸುತ್ತಾನೆ. ಊರು ಅದನ್ನು ನಂಬುತ್ತದೆ. ಆಮೇಲೆ ಅವನು 'ಇಲ್ಲ' ಅಂದರೂ ನಂಬುವವರಿಲ್ಲ. 'ಗಣೇಶನ ಮದುವೆ'ಯಿಂದ ಇಲ್ಲಿಯವರೆಗೆ ಮೂವತ್ತೈದು ವರ್ಷ. ವಠಾರ ಹೋಗಿ ಕರಾವಳಿಯ ಊರು ಬಂದಿದೆ. ಆದರೆ ಸಣ್ಣದೊಂದು ಮುಚ್ಚುಮರೆ, ಅದನ್ನು ಮುಚ್ಚಲು ಇನ್ನೊಂದು ಎಂಬ ಹೆಣಿಗೆ ಹಾಗೆಯೇ ಇದೆ.

ಈ ಹೆಣಿಗೆ ಮೂವತ್ತು ಸೆಕೆಂಡಿನಲ್ಲಿ ಕಾಣುವುದಿಲ್ಲ ಎಂಬುದೇ ನನ್ನ ತಕರಾರು. ರೀಲಿಗೆ ಸಿಗುವುದು ಜೋಕು ಮಾತ್ರ, ಜೋಕಿನ ಬೆಲೆ ಸಿಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಗುರುಪ್ರಸಾದ್ ಅವರ 'ಎದ್ದೇಳು ಮಂಜುನಾಥ' (2009). ಜಗ್ಗೇಶ್ ಮಾಡಿದ ಮಂಜ ನಮ್ಮ ಹಾಸ್ಟೆಲಿನ ದೇವರು. ಕುಡಿತದ ಬಗ್ಗೆ, ಸೋಮಾರಿತನದ ಬಗ್ಗೆ ಅವನ ಮಾತುಗಳ ತುಣುಕು ಎಲ್ಲರ ಸ್ಟೇಟಸ್ಸಿನಲ್ಲೂ ಇರುತ್ತದೆ. ನಾನೂ ಹಾಕಿದ್ದೆ. ಪೂರ್ತಿ ಚಿತ್ರ ನೋಡಿದ ಮೇಲೆ ಗೊತ್ತಾಯಿತು, ಮಂಜನ ಪ್ರತಿ ಜೋಕಿನ ಬಿಲ್ಲನ್ನೂ ಅವನ ಹೆಂಡತಿ ಗೌರಿ ಕಟ್ಟುತ್ತಾಳೆ. ಯಜ್ಞಾ ಶೆಟ್ಟಿ ಅವರ ಆ ಮುಖ ಯಾವ ರೀಲಿನಲ್ಲೂ ಇಲ್ಲ, ಏಕೆಂದರೆ ಅದಕ್ಕೆ ಲೈಕು ಬರುವುದಿಲ್ಲ. ನಾವು ಅರ್ಧ ಚಿತ್ರವನ್ನು ಕತ್ತರಿಸಿ, ನಿರ್ದೇಶಕರು ಯಾರನ್ನು ಪ್ರಶ್ನೆ ಮಾಡಿದ್ದರೋ ಅವನನ್ನೇ ಹೀರೋ ಮಾಡಿಕೊಂಡಿದ್ದೇವೆ.

ಕೆಲಸ ಹುಡುಕುವ ಗೆಳೆಯರಿಗೆ ಇನ್ನೊಂದು ಹೆಸರು ಹೇಳಬೇಕು. ಫಣಿ ರಾಮಚಂದ್ರ ಅವರದೇ ಧಾರಾವಾಹಿ 'ದಂಡಪಿಂಡಗಳು'. ಕೆಲಸವಿಲ್ಲದ ಹುಡುಗರ ಪಾಡೇ ಅದರ ಕಥೆ. ನಮ್ಮ ಚಿಕ್ಕಪ್ಪ ಬಿ.ಕಾಂ. ಮುಗಿಸಿ ಕೆಲಸ ಸಿಗದೆ ಮೂರು ವರ್ಷ ಮನೆಯಲ್ಲಿದ್ದವರು. ಅದರ ಮಾತು ಬಂದಾಗ ಅವರು ಹೇಳಿದ್ದು: 'ಅಲ್ಲಿವರೆಗೆ ಊರಿನವರು ದಂಡಪಿಂಡ ಅಂತ ಬೈತಿದ್ರು. ಧಾರಾವಾಹಿ ಶುರುವಾದ ಮೇಲೆ ನಾವೇ ಒಬ್ರಿಗೊಬ್ರು ಕರ್ಕೊಳ್ಳಾಕೆ ಶುರು ಮಾಡಿದ್ವಿ. ಆಮೇಲೆ ಅದು ಬೈಗುಳ ಅನ್ನಿಸ್ಲೇ ಇಲ್ಲ.' ಇವತ್ತು ಲಿಂಕ್ಡ್‌ಇನ್ ತೆರೆದರೆ ಜಗತ್ತಿನಲ್ಲಿ ಎಲ್ಲರೂ ಗೆದ್ದವರೇ. ಸೋತವನು ತನ್ನ ಸೋಲನ್ನು ನೋಡಿ ನಗಲು ಒಂದು ಜಾಗವಿಲ್ಲ. ಹಾಗಾಗಿಯೇ ಎಲ್ಲರೂ ಮುಚ್ಚಿಡುತ್ತೇವೆ. ನಾನು ಮುಚ್ಚಿಟ್ಟೆ. ನನ್ನ ತರಗತಿಯಲ್ಲಿ ಬ್ಯಾಕ್‌ಲಾಗ್ ಮುಚ್ಚಿಟ್ಟವನು ನಾನೊಬ್ಬನೇ ಅಲ್ಲ ಎಂಬುದು ಈ ಕಥೆ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಹಾಗೆಂದು ಹಳೆಯದೆಲ್ಲ ಬಂಗಾರ ಅಲ್ಲ. ತೊದಲುವವರನ್ನು, ದಪ್ಪಗಿರುವವರನ್ನು, ಕಪ್ಪಗಿರುವವರನ್ನು ಆಡಿಕೊಂಡು ನಗಿಸುವ ದೃಶ್ಯಗಳು ಆ ಕಾಲದ ಚಿತ್ರಗಳಲ್ಲಿ ಧಾರಾಳವಾಗಿವೆ. ಡಬಲ್ ಮೀನಿಂಗ್ ಮಾತಿಗೆ ಅಜ್ಜಿ 'ಒಲೆ ಮೇಲೆ ಹಾಲಿಟ್ಟಿದ್ದೆ' ಎಂದು ಎದ್ದು ಹೋದದ್ದೂ ಇದೆ. ಒಲೆಯ ಮೇಲೆ ಹಾಲಿರಲಿಲ್ಲ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಪಾಪ ಪಾಂಡು' ಅಮ್ಮನಿಗೆ ಬಹಳ ಇಷ್ಟ. ಹೆಂಡತಿ ಶ್ರೀಮತಿಯ ಕೈಯಲ್ಲಿ ಪಾಂಡು ಪೆಟ್ಟು ತಿನ್ನುವುದಕ್ಕೆ ನಾವೆಲ್ಲ ನಕ್ಕೆವು. ಅದೇ ತಿರುಗುಮುರುಗಾಗಿದ್ದರೆ ನಗುತ್ತಿದ್ದೆವಾ ಎಂದು ನನ್ನ ತಂಗಿ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಇಂಥ ಪ್ರಶ್ನೆ ಹುಟ್ಟಬೇಕಾದರೂ ಒಟ್ಟಿಗೆ ಕೂತು ನೋಡಬೇಕು. ಇಯರ್‌ಫೋನ್ ಹಾಕಿಕೊಂಡವನನ್ನು ಪಕ್ಕದವರು ಪ್ರಶ್ನೆ ಕೇಳುವುದಿಲ್ಲ.

ನಿಧಾನ, ಬೋರು ಎಂಬ ದೂರೂ ಇದೆ. ನಿಜ, ಮೊದಲ ಇಪ್ಪತ್ತು ನಿಮಿಷ ಕೈ ಮೊಬೈಲಿನ ಕಡೆಗೇ ಹೋಗುತ್ತದೆ. ಆದರೆ ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿದವರನ್ನು ಕೇಳಿ. ಹಾಸ್ಯಗಾರ ಬರುವುದಕ್ಕೆ ಜನ ಕಾಯುತ್ತಾರೆ, ಕಾದದ್ದರಿಂದಲೇ ಅವನು ಬಂದಾಗ ನಗು ಅಷ್ಟು ಜೋರಾಗಿ ಬರುತ್ತದೆ. ರಾಜನ ಮುಂದೆ ಬೇರೆ ಯಾರೂ ಆಡಲಾರದ ಮಾತನ್ನು ಅವನು ಆಡುತ್ತಾನೆ. ಒಳ್ಳೆಯ ಹಾಸ್ಯ ಚಿತ್ರ ಮಾಡುವುದೂ ಅದನ್ನೇ. ಮನೆಯಲ್ಲಿ ಯಾರೂ ಹೇಳಲಾರದ್ದನ್ನು ಹೇಳಿ, ನಗಿಸಿ, ಹೋಗಿಬಿಡುತ್ತದೆ.

ನನ್ನ ವಿಷಯದಲ್ಲಿ ಆದದ್ದೂ ಅದೇ. ರಜೆಯ ಕೊನೆಯ ವಾರ ಶಿವಮೊಗ್ಗಕ್ಕೆ ಹೋಗುವ ಕೆಲಸವಿತ್ತು, ಬರುವಾಗ ಅಪ್ಪಯ್ಯ ಬೈಕನ್ನು ಅರಸಾಳಿನ ಕಡೆ ತಿರುಗಿಸಿದರು. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಎಲ್ಲರಿಗೂ ಗೊತ್ತು. ಅದರಲ್ಲಿ ಬರುವ ಮಾಲ್ಗುಡಿ ರೈಲು ನಿಲ್ದಾಣ ನಮ್ಮ ತಾಲ್ಲೂಕಿನ ಅರಸಾಳಿನದು ಎಂಬುದು ಹೊರಗಿನ ಬಹಳ ಜನರಿಗೆ ಗೊತ್ತಿಲ್ಲ. ಹಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಹಿಂದಿ, ಇಂಗ್ಲಿಷಿನಲ್ಲಿ ತೆಗೆದ ಧಾರಾವಾಹಿ ಅದು, ಆದರೆ ಸ್ವಾಮಿಯಾದ ಮಾಸ್ಟರ್ ಮಂಜುನಾಥ್, ಅವನ ತಂದೆಯಾದ ಗಿರೀಶ್ ಕಾರ್ನಾಡ್, ಮಳೆ, ಹೆಂಚಿನ ಮನೆ ಎಲ್ಲವೂ ನಮ್ಮದೇ.

ಅಲ್ಲಿ ನಿಂತಾಗ ಆರ್.ಕೆ. ನಾರಾಯಣ್ ಅವರ ಒಂದು ಸಣ್ಣಕಥೆ ನೆನಪಾಯಿತು. ಶಾಲೆಗೆ ಚಕ್ಕರ್ ಹಾಕಲು ಸ್ವಾಮಿ ತಲೆನೋವು ಎನ್ನುತ್ತಾನೆ. ಅದು ನಡೆಯದಿದ್ದಾಗ ಸ್ಯಾಮುಯೆಲ್ ಮೇಷ್ಟ್ರು ಮಕ್ಕಳನ್ನು ಹಿಗ್ಗಾಮುಗ್ಗಾ ಹೊಡೆಯುತ್ತಾರೆ ಎಂದು ಸುಳ್ಳು ಹೇಳುತ್ತಾನೆ. ಅಪ್ಪ ಸಿಟ್ಟಾಗಿ ಹೆಡ್‌ಮಾಸ್ಟರಿಗೆ ಪತ್ರ ಬರೆದು ಅವನ ಕೈಗೇ ಕೊಡುತ್ತಾರೆ. ಈಗ ತನ್ನ ಸುಳ್ಳು ನಿಜವಾಗಲೆಂದು ಸ್ವಾಮಿ ಮೇಷ್ಟ್ರಿಂದ ಹೊಡೆಸಿಕೊಳ್ಳಲು ಪಡಬಾರದ ಪಾಡು ಪಡುತ್ತಾನೆ. ಪಕ್ಕದ ಮನೆಯ ಹುಡುಗಿಗೆ ಗಣಿತ ಹೇಳಿಕೊಡಲು ರಾತ್ರಿಯೆಲ್ಲ ಪಿಯುಸಿ ಪುಸ್ತಕ ಓದುತ್ತಿದ್ದ ನನಗೂ ಸ್ವಾಮಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಬೆಂಚಿನ ಮೇಲೆ ಕೂತು ಹೇಳಿಬಿಟ್ಟೆ. ಗಣಿತ, ಬ್ಯಾಕ್‌ಲಾಗ್, ಕಂಪನಿಗಳು ಕರೆಯದೇ ಇರಬಹುದಾದದ್ದು, ಏಳೂ ಮುಕ್ಕಾಲು, ಎಲ್ಲ. ಅಪ್ಪಯ್ಯ ಬಹಳ ಹೊತ್ತು ಹಳಿಯ ಕಡೆ ನೋಡುತ್ತಾ ಕೂತರು. ಆಮೇಲೆ 'ಮತ್ತೆ ಬರಿಯಾಕೆ ಫೀಸು ಕಟ್ಟಿದೀಯಾ?' ಎಂದರು. ಇಲ್ಲ ಎಂದೆ. 'ಕಟ್ಟು' ಎಂದರು. ದಾರಿಯುದ್ದಕ್ಕೂ ಮತ್ತೆ ಮಾತಿಲ್ಲ. ಮುಂದಿನ ಎರಡು ದಿನವೂ ಇಲ್ಲ. ಸಿನಿಮಾದಲ್ಲಿ ಗುಟ್ಟು ಬಯಲಾದ ಕೂಡಲೇ ಎಲ್ಲರೂ ನಕ್ಕು ಮದುವೆ ಊಟಕ್ಕೆ ಕೂರುತ್ತಾರೆ. ಮನೆಯಲ್ಲಿ ಹಾಗಾಗುವುದಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ, 'ಆ ಹುಡುಗಿಗೆ ಲೆಕ್ಕ ಹೇಳಿಕೊಡೋದು ಎಂತ ಮಾಡ್ತೀಯ ಈಗ?' ಎಂದು ಕೇಳಿದರು. ಅಜ್ಜಿಗೆ ಮೊದಲು ನಗು ಬಂತು. ಆಮೇಲೆ ಅಮ್ಮನಿಗೆ. ಕೊನೆಗೆ ಅಪ್ಪಯ್ಯನಿಗೂ.

ಹುಡುಗಿಗೂ ನಿಜ ಹೇಳಿದೆ. ಪಾಠ ಬಿಡಲಿಲ್ಲ. ನನಗೆ ಇಂಟಿಗ್ರೇಷನ್ನೇ ಸರಿಯಾಗಿ ಬರುತ್ತಿರಲಿಲ್ಲ, ಲ್ಯಾಪ್ಲಾಸ್ ಎಲ್ಲಿಂದ ಬರಬೇಕು ಎಂಬುದು ಅವಳಿಗೆ ಹೇಳಿಕೊಡುವಾಗಲೇ ತಿಳಿಯಿತು.

ಆದ್ದರಿಂದ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. 'ಗಣೇಶನ ಮದುವೆ', 'ಗೌರಿ ಗಣೇಶ', 'ಉದ್ಭವ', 'ಎದ್ದೇಳು ಮಂಜುನಾಥ', 'ಸು ಫ್ರಮ್ ಸೋ' – ಇವುಗಳಲ್ಲಿ ಯಾವುದಾದರೂ ಒಂದನ್ನು ಇಯರ್‌ಫೋನ್ ತೆಗೆದಿಟ್ಟು, ಮನೆಯವರ ಜೊತೆ ಕೂತು, ಪೂರ್ತಿ ನೋಡಿ. ('ತಿಥಿ'ಯನ್ನು ಅಜ್ಜಿಯ ಜೊತೆ ನೋಡುವುದು ಬೇಡ, ಒಲೆಯ ಮೇಲೆ ಬಹಳ ಸಲ ಹಾಲಿಡಬೇಕಾದೀತು.) ಹೇಳದೇ ಉಳಿಸಿಕೊಂಡದ್ದು ಏನಾದರೂ ಇದ್ದರೆ, ಎಲ್ಲರೂ ನಕ್ಕು ಹಗುರಾಗಿರುವ ಹೊತ್ತಿನಲ್ಲಿ ಹೇಳುವುದು ಸ್ವಲ್ಪ ಸುಲಭ. ಪೂರ್ತಿ ಸುಲಭವಲ್ಲ, ಸ್ವಲ್ಪ.

ಗಣಿತದ ಪರೀಕ್ಷೆ ಮತ್ತೆ ಬರೆದಿದ್ದೇನೆ. ಅಪ್ಪಯ್ಯ ವಾರಕ್ಕೊಮ್ಮೆ ಫೋನ್ ಮಾಡಿ ಮಾರ್ಕ್ಸ್ ಕಾರ್ಡ್ ಬಂತಾ ಎಂದು ಕೇಳುತ್ತಾರೆ. ಇನ್ನೂ ಬಂದಿಲ್ಲ ಎನ್ನುತ್ತೇನೆ. ಈ ಸಲ ನಿಜವಾಗಿಯೂ ಬಂದಿಲ್ಲ.